ಒಂದು ಹೆಸರಿಗೆ ನಾಲ್ಕು ದ್ವೀಪ

ನಮ್ಮ ಗ್ಲಾರಿ ದ್ವೀಪದಲ್ಲಿ ಕ್ಯಾಪ್ಟನ್ ಥ್ರಾಸಿವುಲೋಸನನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಇಬ್ಬರೇ. ಒಬ್ಬ ಬಂದರು ಕಚೇರಿಯ ಗುಮಾಸ್ತ, ಇನ್ನೊಬ್ಬಳು ಸಿಟ್ಟು ಬಂದಾಗಿನ ಕ್ಯಾಪ್ಟನ್ನನ ಹೆಂಡತಿ. ಉಳಿದವರಿಗೆಲ್ಲ ಅವನು ವೂಲಿಸ್. ಆ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಕಟ್ಟೆಗೆ ಬಂದ ದೋಣಿ ಮತ್ತೆ ತೇಲಿ ದೂರ ಹೋಗಿರುತ್ತದೆ ಎಂಬುದು ನಮ್ಮೂರವರು ಕೊಡುವ ಕಾರಣ. ಸೈನ್ಯದಲ್ಲಿದ್ದಾಗ ಹಾಜರಿ ಕೂಗುವ ಹವಾಲ್ದಾರ ಅವನ ಹೆಸರು ಬಂದ ಕೂಡಲೇ ಒಮ್ಮೆ ಕೆಮ್ಮಿ ಮುಂದಿನ ಹೆಸರಿಗೆ ಹಾರಿಬಿಡುತ್ತಿದ್ದನಂತೆ. ಹೀಗಾಗಿ ನಮ್ಮ ವೂಲಿಸ್ ಬ್ಯಾರಕ್ಕಿನಲ್ಲೇ ಆಲೂಗಡ್ಡೆ ಸುಲಿಯುತ್ತ ಕೂತಿದ್ದರೂ ಆರು ದಿನ ಓಡಿಹೋದವರ ಪಟ್ಟಿಯಲ್ಲಿದ್ದ.

ಇಂಥ ಹೆಸರನ್ನು ಯಾರಾದರೂ ಬಿಟ್ಟರೆ ಸಾಕು ಎನ್ನುತ್ತಾರೆ. ಆದರೆ ಅವನ ಮನೆಯಲ್ಲಿ ಎಂಟು ತಲೆಮಾರಿನಿಂದ ಎರಡೇ ಹೆಸರು. ಥ್ರಾಸಿವುಲೋಸನ ಮಗ ನಿಕಿತಾಸ್, ನಿಕಿತಾಸನ ಮಗ ಥ್ರಾಸಿವುಲೋಸ್. ಮೊದಲ ಗಂಡು ಮೊಮ್ಮಗನಿಗೆ ಅಪ್ಪನ ಅಪ್ಪನ ಹೆಸರು. ಇದು ನಮ್ಮ ಕಡೆ ಕಾನೂನಿಗಿಂತ ಗಟ್ಟಿ, ಏಕೆಂದರೆ ಕಾನೂನು ಮುರಿದರೆ ದಂಡ ಕಟ್ಟಿ ಮುಗಿಸಬಹುದು. ಇದನ್ನು ಮುರಿದರೆ ಜೀವನಪೂರ್ತಿ ಒಂದು ಅಜ್ಜನ ಮುಖ ನೋಡಬೇಕು.

ಕ್ಯಾಪ್ಟನ್ನನ ಮಗ ನಿಕಿತಾಸನಿಗೆ ಗಂಡು ಮಗು ಹುಟ್ಟಿ ಎಂಟು ತಿಂಗಳಾಗಿತ್ತು. ಜ್ಞಾನಸ್ನಾನ ಆಗುವವರೆಗೆ ನಮ್ಮಲ್ಲಿ ಮಗುವಿಗೆ ಹೆಸರಿಲ್ಲ, ಬರೀ ಪಾಪು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ ಹಾಗೆ ಕ್ಯಾಪ್ಟನ್ ಪುಟ್ಟ ಟೋಪಿಯೊಂದರ ಮೇಲೆ ತನ್ನ ಹೆಸರನ್ನು ಕಸೂತಿ ಹಾಕಿಸಿದ್ದ. ಹೆಸರು ಟೋಪಿಯ ಸುತ್ತಳತೆಯಲ್ಲಿ ಹಿಡಿಸದೆ ಕೊನೆಯ ಅಕ್ಷರ ಬಂದು ಮೊದಲನೆಯದರ ಮೇಲೆ ಕೂತಿತ್ತು.

ಅಡ್ಡ ಬಂದವನು ಬೀಗ. ಸೊಸೆ ಕ್ರಿಸ್ತಾಲಿಯಾಳ ಅಪ್ಪ ಇಸಿಡೋರೋಸ್, ಜೇನು ಸಾಕುವವನು, ಉದ್ದಕ್ಕೆ ಒಣಕಲಾಗಿ ಬೆಳೆದವನು. ಅವನಿಗೆ ಮೂವರು ಹೆಣ್ಣುಮಕ್ಕಳು. ಈ ಮಗುವಿಗೆ ತನ್ನ ಹೆಸರೇ ಆಗಬೇಕೆಂದು ಅವನೂ ಹಟ ಹಿಡಿದ. ಅಳಿಯ ಇರುವುದು ತಾನು ಮಗಳಿಗೆ ಕೊಟ್ಟ ಮನೆಯಲ್ಲಿ, ಸೂರು ಯಾರದೋ ಹೆಸರು ಅವರದು ಎಂದು ವಾದಿಸಿದ. ಎಂಟು ತಿಂಗಳು ಇಬ್ಬರೂ ಕಾಫಿ ಅಂಗಡಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತರು. ಬೆನ್ನು ಹಾಕಿಕೊಂಡೇ ಒಬ್ಬರ ಕಾಫಿಯ ದುಡ್ಡನ್ನು ಇನ್ನೊಬ್ಬರು ಕೊಟ್ಟುಬಿಡುತ್ತಿದ್ದರು. ಜಗಳವಿದ್ದ ಮಾತ್ರಕ್ಕೆ ಬೀಗನ ಕೈಯಲ್ಲಿ ದುಡ್ಡು ಕೊಡಿಸುವಷ್ಟು ನಾಚಿಕೆಗೆಟ್ಟವರು ನಮ್ಮ ದ್ವೀಪದಲ್ಲಿಲ್ಲ.

ಕೊನೆಗೆ ಮಗುವಿನ ಅಪ್ಪ ಅಮ್ಮ ಸಾಕಾಗಿ, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಜ್ಞಾನತಂದೆ ಏನು ಹೇಳುತ್ತಾನೋ ಅದೇ ಹೆಸರು ಎಂದುಬಿಟ್ಟರು. ಪಾದ್ರಿ ಹೆಸರು ಕೇಳಿದಾಗ ಜ್ಞಾನತಂದೆಯ ಬಾಯಿಂದ ಬಿದ್ದದ್ದೇ ಹೆಸರು, ಬಿದ್ದಮೇಲೆ ದೇವರೂ ತಿದ್ದುವ ಹಾಗಿಲ್ಲ. ಜ್ಞಾನತಂದೆಯೆಂದು ಗೊತ್ತಾದವನು ಯಾಕೊವೋಸ್, ಪಕ್ಕದ ಆಗ್ರೆಲಿ ದ್ವೀಪದಲ್ಲಿ ಆಡಿನ ಹಾಲಿನಿಂದ ಗಿಣ್ಣು ಮಾಡುವವನು, ನಿಕಿತಾಸನ ಸ್ನೇಹಿತ. ಆ ದಿನದಿಂದ ಯಾಕೊವೋಸನ ಮನೆಗೆ ಒಂದು ಕಡೆಯಿಂದ ಒಣಗಿಸಿದ ಆಕ್ಟೋಪಸ್, ಇನ್ನೊಂದು ಕಡೆಯಿಂದ ಜೇನಿನ ಡಬ್ಬ ಹೋಗಲು ಶುರುವಾಯಿತು.

ಜ್ಞಾನಸ್ನಾನಕ್ಕೆ ಗೊತ್ತಾದದ್ದು ಜುಲೈ ತಿಂಗಳ ಒಂದು ಭಾನುವಾರ. ಸ್ಥಳ ಆಸ್ಪ್ರೋ ಎಂಬ ಬರೀ ಬಂಡೆಯ ದ್ವೀಪ. ಅಲ್ಲಿ ಕ್ಯಾಪ್ಟನ್ನನ ಮನೆತನದವರು ಹರಕೆ ಹೊತ್ತು ಕಟ್ಟಿಸಿದ ಒಂದು ಇಗರ್ಜಿ, ಪುಟ್ಟ ಚರ್ಚು, ಇದೆ. ಎಂಟು ಜನ ನಿಂತರೆ ಒಂಬತ್ತನೆಯವನು ಕಿಟಕಿಯಲ್ಲಿ ನಿಲ್ಲಬೇಕು. ತೊಂದರೆ ಏನೆಂದರೆ, ಪಾದ್ರಿ ಇರುವುದು ಮಾವ್ರಿ ದ್ವೀಪದಲ್ಲಿ, ಮಗುವನ್ನು ಮುಳುಗಿಸಲು ಬೇಕಾದ ತಾಮ್ರದ ಕೊಪ್ಪರಿಗೆ ಇರುವುದು ಕ್ರೆಮಿಡಿ ದ್ವೀಪದಲ್ಲಿ, ಜ್ಞಾನತಂದೆ ಇರುವುದು ಆಗ್ರೆಲಿಯಲ್ಲಿ. ಇನ್ನೊಂದು ತೊಂದರೆಯೆಂದರೆ ಕ್ಯಾಪ್ಟನ್ ಬೇಸಿಗೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವವನು. ಹೆಂಡತಿಯ ಹೆಸರಿಟ್ಟ ಅವನ ದೋಣಿ 'ಕಾಲಿರೋಯಿ'ಯ ಪಕ್ಕದಲ್ಲಿ ಅವನೇ ಬರೆದ ಹಲಗೆ ನೇತಾಡುತ್ತದೆ: ಶನಿವಾರ ಭಾನುವಾರ, ನಾಲ್ಕು ದ್ವೀಪ, ಊಟ ಸೇರಿ, ಅಲೆ ಉಚಿತ. ಆ ವಾರಕ್ಕೆ ಮೂವರು ಮೊದಲೇ ಹೆಸರು ಕೊಟ್ಟಿದ್ದರು. ಕೊಟ್ಟ ಮಾತು ತಪ್ಪುವ ಹಾಗಿಲ್ಲ. ಸ್ವಾಮಿಕಾರ್ಯ ಸ್ವಕಾರ್ಯ ಎರಡೂ ಆಗಲಿ ಎಂದು ಕ್ಯಾಪ್ಟನ್ ತೀರ್ಮಾನಿಸಿದ.

ಶನಿವಾರ ಬೆಳಿಗ್ಗೆ ಮೂವರೂ ಬಂದರು. ನಾರ್ವೆಯ ಗಂಡಹೆಂಡತಿ, ಏನು ಕಂಡರೂ ನಗುವವರು, ಏನು ಕೊಟ್ಟರೂ ತಿನ್ನುವವರು. ಮೂರನೆಯವಳು ಎವಾಂಥಿಯಾ. ಪಿರೇಯಸ್ಸಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ದೊಡ್ಡ ಹುಲ್ಲುಟೋಪಿ, ಅದರ ಕೆಳಗೆ ಯಾರ ನೆಪವನ್ನೂ ನಂಬದ ಎರಡು ಕಣ್ಣು.

ಹಗ್ಗ ಬಿಚ್ಚುವ ಹೊತ್ತಿಗೆ ನಾಲ್ಕನೆಯವನು ಒಂದು ಗಂಟು ಹಿಡಿದು ದೋಣಿಗೆ ಹಾರಿದ. ಇಸಿಡೋರೋಸ್.

"ಬೀಗ್ರು ಎಲ್ಲಿಗೆ ಹೊರಟ್ರಿ?" ಎಂದ ಕ್ಯಾಪ್ಟನ್.

"ತಿರುಗಾಡೋಕೆ. ಹಲಗೆ ಮೇಲೆ ನಾಲ್ಕು ದ್ವೀಪ ಅಂತ ಬರ್ದಿದೀರಲ್ಲ, ನೋಡೋಣ ಅಂತ."

"ಹುಟ್ಟಿದಾಗಿಂದ ನೋಡಿದೀರ."

"ಆಗ ಇಷ್ಟು ಹತ್ತಿರ ಇದ್ದು ನೋಡೋ ಅಗತ್ಯ ಇರ್ಲಿಲ್ಲ."

ಯಾಕೊವೋಸನ ಕಿವಿಯಲ್ಲಿ ಕ್ಯಾಪ್ಟನ್ ಏನು ಊದುತ್ತಾನೋ ಎಂಬ ಕಾವಲಿಗೆ ಬಂದಿದ್ದ, ಅಷ್ಟೇ. ಜೇನು ಸಾಕುವವನಿಗೆ ಸಮುದ್ರ ಆಗಿಬರುವುದಿಲ್ಲ. ಆದರೂ ಅಡ್ಡಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಿಂಹಾಸನದ ಮೇಲೆ ಕೂತ ಗತ್ತಿನಲ್ಲಿ ಕೂತ.

ಕ್ರೆಮಿಡಿಯಲ್ಲಿ ಕೊಪ್ಪರಿಗೆಯನ್ನು ನೋಡಿಕೊಳ್ಳುವವಳು ಸ್ಮಾರಾಗ್ದಾ ಎಂಬ ವಿಧವೆ. ಆರು ವರ್ಷದಿಂದ ಆ ದ್ವೀಪದಲ್ಲಿ ಮಗುವೇ ಹುಟ್ಟಿಲ್ಲವಾದ್ದರಿಂದ ಅವಳು ಕೊಪ್ಪರಿಗೆಗೆ ಮಣ್ಣು ತುಂಬಿ ಕಾಮಕಸ್ತೂರಿ ಬೆಳೆದಿದ್ದಳು. ಗಿಡ ಸೊಂಟದೆತ್ತರ ಬಂದಿತ್ತು.

"ಅಮ್ಮ, ಇದು ಜ್ಞಾನಸ್ನಾನದ ಕೊಪ್ಪರಿಗೆ," ಎಂದ ಕ್ಯಾಪ್ಟನ್.

"ಗೊತ್ತಪ್ಪ. ಕಾಮಕಸ್ತೂರಿನೂ ದೇವ್ರಿಗೇ ಇಡೋದು. ಸುಮ್ನೆ ಖಾಲಿ ಇಡೋದಕ್ಕೆ ಅದೇನು ಅಧ್ಯಕ್ಷರ ಕುರ್ಚಿನಾ? ನೀವು ಮೊದ್ಲು ಮಕ್ಕಳು ಹೆರಿ, ಆಮೇಲೆ ನನಗೆ ಬುದ್ಧಿ ಹೇಳಿ."

ಗಿಡವನ್ನು ಬೇರುಸಮೇತ ಎತ್ತಿ ಬಕೆಟ್ಟಿಗೆ ಹಾಕಲು ಒಂದು ಗಂಟೆ ಹಿಡಿಯಿತು. ನಾರ್ವೆಯವರು ಮೊಣಕೈವರೆಗೆ ಮಣ್ಣು ಮಾಡಿಕೊಂಡು ಸಂತೋಷದಿಂದ ಅಗೆದರು. ಇದೂ ಪ್ರವಾಸದಲ್ಲಿ ಸೇರಿದೆ ಎಂದುಕೊಂಡಿದ್ದರು. ಸಂತರ ಕಾಲದಿಂದಲೂ ಇಲ್ಲಿ ಹೀಗೆಯೇ ನಡೆಯುತ್ತದೆಯೇ ಎಂದು ಗಂಡ ಕೇಳಿದ. ಹೌದು ಎಂದುಬಿಟ್ಟ ಕ್ಯಾಪ್ಟನ್. ಊಟದ ಹೊತ್ತಿಗೆ ಬೀಗರಿಬ್ಬರೂ ಸ್ಮಾರಾಗ್ದಾಳ ತಮ್ಮನ ಹೋಟೆಲಿನಲ್ಲಿ ದುಡ್ಡು ಕೊಡುವುದಕ್ಕಾಗಿ ಗುದ್ದಾಡಿಕೊಂಡರು. ಇಸಿಡೋರೋಸ್ ಕ್ಯಾಪ್ಟನ್ನನ ಅಂಗಿಯ ಜೇಬನ್ನೇ ಕೈಯಿಂದ ಮುಚ್ಚಿ ಹಿಡಿದ. ಕ್ಯಾಪ್ಟನ್ ಮೇಜಿನ ಕೆಳಗಿಂದ ಹೋಟೆಲಿನವನಿಗೆ ನೋಟು ತಲುಪಿಸಿದ. ಸೋತ ಇಸಿಡೋರೋಸ್ ಮಧ್ಯಾಹ್ನವೆಲ್ಲ ಮುಖ ಊದಿಸಿಕೊಂಡಿದ್ದ. ಎವಾಂಥಿಯಾ ಇದನ್ನೆಲ್ಲ ಮೀನಿನ ಮುಳ್ಳು ತೆಗೆಯುತ್ತ ನೋಡುತ್ತಿದ್ದಳು.

ಆಗ್ರೆಲಿಯಲ್ಲಿ ಯಾಕೊವೋಸ್ ಬಂದರಿಗೆ ಬರಲಿಲ್ಲ. ಮನೆಗೆ ಹೋದರೆ ಅವನು ಮಂಚದ ಮೇಲೆ ಬೋರಲು ಮಲಗಿ ನರಳುತ್ತಿದ್ದ.

"ಸೊಂಟ ಹಿಡ್ಕೊಂಡಿದೆ ಕ್ಯಾಪ್ಟನ್. ಎದ್ದೇಳೋಕೇ ಆಗ್ತಿಲ್ಲ. ನಾಳೆ ಬರೋದು ಕನಸೇ."

"ಯಾವಾಗಿಂದ?"

"ನಿಮ್ಮ ದೋಣಿ ಕಾಣಿಸ್ದಾಗಿಂದ," ಎಂದಳು ಒಳಗಿಂದ ಅವನ ಹೆಂಡತಿ.

ಕ್ಯಾಪ್ಟನ್ ಸುತ್ತ ನೋಡಿದ. ತೊಲೆಯಿಂದ ತಾನು ಕಳಿಸಿದ ಆಕ್ಟೋಪಸ್ಸಿನ ಕೊನೆಯ ಕಾಲು ನೇತಾಡುತ್ತಿತ್ತು. ಮೇಜಿನ ಮೇಲೆ ಬೀಗನ ಜೇನಿನ ಡಬ್ಬ ತಳ ಕಂಡಿತ್ತು. ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ಸೊಂಟ ಹಿಡಿಯದೆ ಇನ್ನೇನು ಹಿಡಿಯುತ್ತದೆ. ಅದೇ ಹೊತ್ತಿಗೆ ಅಂಗಳದ ಆಡು ಒಳಗೆ ನುಗ್ಗಿ ಬಟ್ಟೆಯಲ್ಲಿ ಸೋರಲು ಕಟ್ಟಿಟ್ಟ ಗಿಣ್ಣಿಗೆ ಬಾಯಿ ಹಾಕಿತು. ಯಾಕೊವೋಸ್ ಮಂಚದಿಂದ ಹಾರಿ, ಹೊಸ್ತಿಲು ದಾಟಿ, ಆಡನ್ನು ಕಲ್ಲುಗೋಡೆಯ ಆಚೆಯವರೆಗೆ ಅಟ್ಟಿಸಿಕೊಂಡು ಹೋದ. ಹಿಂತಿರುಗಿ ಬಂದವನು ಎಲ್ಲರ ಮುಖ ನೋಡಿ, ನಿಧಾನವಾಗಿ ಸೊಂಟದ ಮೇಲೆ ಕೈ ಇಟ್ಟುಕೊಂಡ.

"ನನ್ನ ಬಿಟ್ಟುಬಿಡಿ ಕ್ಯಾಪ್ಟನ್," ಎಂದ. "ಇಬ್ಬರ ಉಪ್ಪೂ ತಿಂದಿದೀನಿ. ಯಾರ ಹೆಸರು ಹೇಳಿದ್ರೂ ಇನ್ನೊಬ್ರು ನನ್ನ ಜೀವ ತೆಗೀತೀರ."

ಮಾತು ನಿಜವೇ. ಆದರೆ ಜ್ಞಾನತಂದೆ ಇಲ್ಲದೆ ಮಗುವನ್ನು ಮುಳುಗಿಸುವ ಹಾಗಿಲ್ಲ. ಮುಂದೂಡಿದರೆ ಪಾದ್ರಿ ಮತ್ತೆ ಸಿಗುವುದು ಅಕ್ಟೋಬರಿಗೆ. ಕ್ಯಾಪ್ಟನ್ ದೋಣಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಆಗ ಅವನ ಕಣ್ಣು ಹುಲ್ಲುಟೋಪಿಯ ಮೇಲೆ ಬಿತ್ತು. ನಾರ್ವೆಯವರು ನಮ್ಮ ಚರ್ಚಿನವರಲ್ಲ, ನಡೆಯುವುದಿಲ್ಲ. ಆದರೆ ಇವಳು ನಮ್ಮವಳೇ, ಜ್ಞಾನತಂದೆ ಇಲ್ಲದಿದ್ದರೆ ಜ್ಞಾನತಾಯಿಯಾದರೂ ಆದೀತು.

"ಟೀಚರಮ್ಮ, ನಿಮಗೆ ಜ್ಞಾನಸ್ನಾನ ಆಗಿದೆಯಾ?" ಎಂದು ಕೇಳಿದ.

"ಆಗಿದೆ. ಯಾಕೆ, ಟಿಕೆಟ್ಟಿಗೆ ಬೇಕಾ?"

ವಿಷಯ ತಿಳಿದ ಮೇಲೆ ಅವಳು ಒಪ್ಪಿದಳು. ಮೂವತ್ತನಾಲ್ಕು ವರ್ಷ ಊರವರ ಮಕ್ಕಳ ಹೆಸರು ಹಾಜರಿಯಲ್ಲಿ ಓದಿದ್ದೇ ಆಯಿತು, ಒಂದನ್ನಾದರೂ ನಾನೇ ಇಟ್ಟು ನೋಡುತ್ತೇನೆ ಎಂದಳು. ಪಾದ್ರಿಗೆ ಫೋನಾಯಿತು. ನಾಳೆ ನಂಬಿಕೆಯ ಪ್ರಾರ್ಥನೆಯನ್ನು ಬಾಯಿಪಾಠ ಒಪ್ಪಿಸಿದರೆ ಸಾಕು ಎಂದರು ಪಾದ್ರಿ.

ಅಲ್ಲಿಂದ ಶುರುವಾಯಿತು ಬೆಣ್ಣೆ ಹಚ್ಚುವ ಕಾರ್ಯಕ್ರಮ. ಕ್ಯಾಪ್ಟನ್ ಅವಳ ಕುರ್ಚಿಯನ್ನು ನೆರಳಿಗೆ ಎಳೆದ. ಇಸಿಡೋರೋಸ್ ನೆರಳಿಗೇ ಇನ್ನೊಂದು ನೆರಳು ಕಟ್ಟಿದ. ಕ್ಯಾಪ್ಟನ್ ನೀರಿಗೆ ಧುಮುಕಿ, ಬಂಡೆಗೆ ಅಂಟಿದ ಸಮುದ್ರಮುಳ್ಳು ಎಂಬ ಮುಳ್ಳುಚಿಪ್ಪಿನ ಜೀವಿಯನ್ನು ಅವಳಿಗೆ ತಿನ್ನಲು ಕಿತ್ತು ತಂದ. ಇಸಿಡೋರೋಸ್ ಅಂಜೂರ ಸುಲಿದು ಜೇನಿನಲ್ಲಿ ಅದ್ದಿ ಹಿಡಿದ. ಆಗ್ರೆಲಿಯಲ್ಲೇ ರಾತ್ರಿ ತಂಗಿದ ಮನೆಯಲ್ಲಿ ಅವಳ ದಿಂಬಿನ ಕೆಳಗೆ ಇಬ್ಬರೂ ಒಂದೊಂದು ಕಾಮಕಸ್ತೂರಿ ಚಿಗುರು ಇಟ್ಟಿದ್ದರಿಂದ ಅವಳು ಬೆಳಗಿನವರೆಗೂ ಸೀನಿದಳು.

ಭಾನುವಾರ ದೋಣಿ ಮಾವ್ರಿಯ ಕಡೆ ತಿರುಗಿದ ಕೂಡಲೇ ಅವಳು ಕೈಚೀಲದಿಂದ ನೋಟ್‌ಬುಕ್ ತೆಗೆದು ಎರಡು ಹಾಳೆ ಹರಿದಳು.

"ಇಬ್ಬರೂ ಕೂತ್ಕೊಳ್ಳಿ. ದೂರ ದೂರ. ಮಗುವಿಗೆ ನಿಮ್ಮ ಹೆಸರು ಯಾಕಿಡಬೇಕು, ಮೂರು ಕಾರಣ ಬರೀರಿ. ಅರ್ಧ ಗಂಟೆ. ಅಕ್ಕಪಕ್ಕ ನೋಡಬಾರದು, ಮಾತಾಡಬಾರದು."

"ಟೀಚರಮ್ಮ, ದೋಣಿ ಯಾರು ನಡೆಸ್ತಾರೆ?" ಎಂದ ಕ್ಯಾಪ್ಟನ್.

"ಅದು ಪ್ರಶ್ನೆಪತ್ರಿಕೇಲಿಲ್ಲ."

ಚುಕ್ಕಾಣಿ ನಾರ್ವೆಯ ಗಂಡನ ಕೈಗೆ ಹೋಯಿತು. ಅವನ ಜನ್ಮ ಸಾರ್ಥಕವಾಯಿತು, ದೋಣಿ ಹಾವು ಹರಿದ ಹಾಗೆ ಹೊರಟಿತು. ಅರವತ್ತು ದಾಟಿದ ಇಬ್ಬರು ಅಜ್ಜಂದಿರು ಮೊಣಕಾಲ ಮೇಲೆ ಹಾಳೆ ಇಟ್ಟು, ಎಡಗೈಯಿಂದ ಮರೆಮಾಡಿ ಬರೆಯತೊಡಗಿದರು. ಎವಾಂಥಿಯಾ ಹುಲ್ಲುಟೋಪಿಯನ್ನು ಮುಖದ ಮೇಲೆ ಎಳೆದು ಮಲಗಿಬಿಟ್ಟಳು. ಇಷ್ಟು ವರ್ಷ ಪರೀಕ್ಷೆ ನಡೆಸಿದ ಟೀಚರು ಪರೀಕ್ಷೆಯ ಹೊತ್ತಿನಲ್ಲೇ ನಿದ್ದೆ ಹೋಗುತ್ತಾಳೆಯೇ ಎಂದು ಅವರಿಬ್ಬರಿಗೂ ಹೊಳೆಯಲಿಲ್ಲ.

ಕ್ಯಾಪ್ಟನ್ ಮೊದಲನೆಯ ಕಾರಣ ಬರೆದ: ಪದ್ಧತಿ. ಎರಡನೆಯ ಕಾರಣ ಹೊಳೆಯದೆ ಪೆನ್ಸಿಲ್ ಕಚ್ಚಿದ. ಆಮೇಲೆ ಬರೆದ: ಇದೂ ಪದ್ಧತಿಯೇ. ಮೂರನೆಯದಕ್ಕೆ ಬಹಳ ಹೊತ್ತು ನೀರು ನೋಡುತ್ತ ಕೂತ. ಆಮೇಲೆ ಅಂಕುಡೊಂಕು ಅಕ್ಷರದಲ್ಲಿ ಬರೆದ: "ನನ್ನ ಅಜ್ಜ ನನ್ನನ್ನು ಹೆಸರು ಹಿಡಿದು ಕರೆಯುವಾಗಲೆಲ್ಲ ತನ್ನನ್ನೇ ಕರೆದುಕೊಂಡ ಹಾಗಾಗಿ ನಗುತ್ತಿದ್ದ. ನಾನು ತಪ್ಪು ಮಾಡಿ ಬೈಯುವಾಗಲೂ ಅರ್ಧಕ್ಕೇ ನಗು ಬಂದುಬಿಡುತ್ತಿತ್ತು. ನನಗೂ ಒಂದು ಸಲ ಹಾಗೆ ನಗಬೇಕು."

ಬರೆದು ಮುಗಿಸಿ ತಲೆ ಎತ್ತಿದರೆ ದೋಣಿ ಬಂಡೆಯೊಂದರ ಕಡೆ ಭಕ್ತಿಯಿಂದ ಹೋಗುತ್ತಿತ್ತು. ಹಾಳೆಯನ್ನು ಕಾಫಿ ಲೋಟದ ಕೆಳಗೆ ಇಟ್ಟು ಓಡಿಹೋಗಿ ಚುಕ್ಕಾಣಿ ಎಳೆದ. ದೋಣಿ ವಾಲಿತು. ಇಸಿಡೋರೋಸನ ಕೈಯಲ್ಲಿದ್ದ ಹಾಳೆ ಹಾರಿ ಬಂದು ಕ್ಯಾಪ್ಟನ್ನನ ಕಾಲ ಬುಡದಲ್ಲೇ ಬಿತ್ತು. ಅವನು ಅದರ ಮೇಲೆ ಕಾಲಿಟ್ಟ. ಆ ಕಡೆ ಈ ಕಡೆ ನೋಡಿ, ಬಗ್ಗಿ ಓದಿದ. ಶಾಲೆಯಲ್ಲಿಯೂ ಅವನು ಪಾಸಾದದ್ದು ಹೀಗೆಯೇ.

ಅದರಲ್ಲಿ ಮೂರು ಕಾರಣ ಇರಲಿಲ್ಲ. "ನನಗೆ ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಮೂರು ಸಲವೂ ಊರವರು ಬಂದು ಮುಂದಿನ ಸಲ ಗಂಡಾಗಲಿ ಎಂದರು. ನನಗೆ ಆ ಮೂವರೇ ಬೇಕಾಗಿತ್ತು. ಹಾಗೆಂದರೆ ಯಾರೂ ನಂಬಲಿಲ್ಲ. ಮೂವತ್ತು ವರ್ಷದಿಂದ ನನ್ನನ್ನು ಪಾಪ ಇಸಿಡೋರೋಸ್ ಅನ್ನುತ್ತಾರೆ. ನನ್ನ ಹೆಸರಿನ ಒಬ್ಬ ಮೊಮ್ಮಗನಿದ್ದರೆ ಆ ಪಾಪ ಅನ್ನುವುದು ನಿಲ್ಲುತ್ತದೆ. ಕಾರಣ ಇದೊಂದೇ."

ಕ್ಯಾಪ್ಟನ್ನನ ಕಿವಿ ಬಿಸಿಯಾಯಿತು. ಪಾಪ ಇಸಿಡೋರೋಸ್ ಎಂದು ಕಾಫಿ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಅಂದವನು ತಾನೇ. ಅಂದದ್ದು ಮರುಕದಿಂದ ಎಂದು ಇಲ್ಲಿಯವರೆಗೆ ಅಂದುಕೊಂಡಿದ್ದ. ಹಾಳೆಯನ್ನು ಪ್ಯಾಂಟಿಗೆ ಒರೆಸಿ ಬೀಗನಿಗೆ ಕೊಟ್ಟ.

"ಹಾರಿ ಬಂತು. ನಾನು ನೋಡ್ಲಿಲ್ಲ," ಎಂದ.

"ನಾನೂ ಏನೂ ನೋಡ್ಲಿಲ್ಲ," ಎಂದ ಇಸಿಡೋರೋಸ್, ಯಾರೂ ಕೇಳದಿದ್ದರೂ.

ಮಾವ್ರಿಯಲ್ಲಿ ಪಾದ್ರಿ ಗೆರಾಸಿಮೋಸ್ ಹತ್ತಿದರು. ಮೂರು ದ್ವೀಪದ ಪಾದ್ರಿಯಾಗಿದ್ದರೂ ಅವರಿಗೆ ದೋಣಿ ಕಂಡರೆ ವಾಕರಿಕೆ. ದೇವರು ತಮ್ಮ ತಾಳ್ಮೆ ಪರೀಕ್ಷಿಸಲೆಂದೇ ಭೂಮಿಯನ್ನು ಹೀಗೆ ತುಂಡುತುಂಡು ಮಾಡಿದ್ದಾನೆ ಎಂದು ಅವರ ಅಭಿಪ್ರಾಯ. ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು ಕೊಪ್ಪರಿಗೆ ನೋಡಲು ಹೋದರು. ಅದರ ತುಂಬ ಮಂಜುಗಡ್ಡೆ. ಮಂಜಿನಲ್ಲಿ ಕುತ್ತಿಗೆವರೆಗೆ ಹುಗಿದ ಹನ್ನೆರಡು ಬಿಯರ್ ಬಾಟಲಿ. ನಾರ್ವೆಯವರು ಎಲ್ಲರಿಗೂ ಎಂದು ಆಗ್ರೆಲಿಯಲ್ಲಿ ಕೊಂಡು ತಂದಿದ್ದರು.

"ಏನಪ್ಪ ಇದು?" ಎಂದರು ಪಾದ್ರಿ.

"ಸ್ವಾಮಿ, ಅವರ ದೇಶದಲ್ಲಿ ತಣ್ಣೀರಲ್ಲೇ ಜ್ಞಾನಸ್ನಾನ ಅಂತೆ. ಅಭ್ಯಾಸ ಮಾಡಿಸ್ತಿದ್ದಾರೆ," ಎಂದ ಕ್ಯಾಪ್ಟನ್.

ಪಾದ್ರಿಗೆ ಬೈಯಬೇಕೆನ್ನಿಸಿತು, ಆದರೆ ಅಲೆ ಬಿಡಲಿಲ್ಲ. ಎವಾಂಥಿಯಾ ಎದುರು ನಿಂತು ಪ್ರಾರ್ಥನೆ ಒಪ್ಪಿಸಲು ಶುರುಮಾಡಿದಳು. ಎರಡನೆಯ ಸಾಲಿಗೆ ಪಾದ್ರಿ ವಾಂತಿ ಮಾಡಲು ದೋಣಿಯ ಅಂಚಿಗೆ ಓಡಿದರು. ಅವಳು ನಿಲ್ಲಿಸಿ ಕಾದಳು. ಅವರು ಗಡ್ಡ ಒರೆಸಿಕೊಂಡು ಬಂದಾಗ ಮತ್ತೆ ಮೊದಲಿನಿಂದ ತೆಗೆದಳು. ಮೂರನೆಯ ಸಲ ಮೊದಲಿನಿಂದ ತೆಗೆದಾಗ ಪಾದ್ರಿ ಎರಡೂ ಕೈ ಮುಗಿದು, ಪಾಸು ಪಾಸು, ನೀವು ನನಗಿಂತ ದೊಡ್ಡ ಭಕ್ತರು ಎಂದರು.

ಆಸ್ಪ್ರೋದಲ್ಲಿ ನಿಕಿತಾಸ್, ಕ್ರಿಸ್ತಾಲಿಯಾ, ಕ್ಯಾಪ್ಟನ್ನನ ಹೆಂಡತಿ ಕಾಲಿರೋಯಿ ಮಗುವಿನೊಡನೆ ಮೀನು ದೋಣಿಯಲ್ಲಿ ಬಂದು ಕಾಯುತ್ತಿದ್ದರು. ಇಗರ್ಜಿ ತುಂಬಿತು. ನಾರ್ವೆಯವರು ಕಿಟಕಿಯಲ್ಲಿ ನಿಂತರು. ಬೆಚ್ಚಗಿನ ನೀರು ಹೊಯ್ದಾಗ ಕೊಪ್ಪರಿಗೆಯಿಂದ ಕಾಮಕಸ್ತೂರಿಯ ವಾಸನೆ ಎದ್ದಿತು, ಅದರ ಹಿಂದೆ ಸ್ವಲ್ಪ ಬಿಯರಿನದೂ. ಎವಾಂಥಿಯಾ ಮಗುವಿಗೆ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿದಳು. ಪಾದ್ರಿ ಜಾರುವ ಮಗುವನ್ನು ಕಂಕುಳಲ್ಲಿ ಹಿಡಿದು ಮೇಲೆತ್ತಿದರು.

"ಹೆಸರು?"

ಎವಾಂಥಿಯಾ ಅಜ್ಜಂದಿರ ಕಡೆ ತಿರುಗಿದಳು. "ಉತ್ತರಪತ್ರಿಕೆ ಎರಡೂ ಓದಿದೀನಿ. ಇಬ್ಬರಿಗೂ ಒಂದೇ ಅಂಕ ಬಂದಿದೆ. ಕೊನೆಯದಾಗಿ ಏನಾದ್ರೂ ಹೇಳೋದಿದೆಯಾ?"

ಕ್ಯಾಪ್ಟನ್ ಕೈ ಎತ್ತಿದ. ಏನು ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

"ಇಸಿಡೋರೋಸ್ ಅನ್ನಿ ಟೀಚರಮ್ಮ."

ಇಸಿಡೋರೋಸನ ಮುಖ ಕೆಂಪೇರಿತು. ಸಂತೋಷದಿಂದಲ್ಲ, ಸಿಟ್ಟಿನಿಂದ.

"ಯಾಕ್ರೀ? ನಿಮ್ಮ ಹೆಸರಿಗೇನಾಗಿದೆ? ಟೀಚರಮ್ಮ, ಥ್ರಾಸಿವುಲೋಸ್ ಅನ್ನಿ. ನಾನು ಇವರ ಮೂರನೇ ಕಾರಣ ಓದಿದೀನಿ. ಲೋಟದ ಕೆಳಗಿಟ್ಟು ಹೋಗಿದ್ರು."

"ಕದ್ದು ಓದಿದ್ರಾ ಬೀಗ್ರೆ?"

"ನೀವು ಕಾಲಲ್ಲಿ ತುಳ್ಕೊಂಡು ಓದ್ಲಿಲ್ವಾ? ಥ್ರಾಸಿವುಲೋಸೇ ಆಗ್ಬೇಕು."

"ಸತ್ರೂ ಬೇಡ. ಇಸಿಡೋರೋಸ್."

"ನಿನ್ನೆ ಊಟದ ದುಡ್ಡೂ ನೀವೇ ಕೊಟ್ರಿ, ಇವತ್ತು ಇದನ್ನೂ ನೀವೇ ಕೊಡ್ತೀರಾ? ನನಗೇನು ಮಾನ ಇಲ್ವಾ?"

ಕ್ಯಾಪ್ಟನ್ ಬೀಗನ ಬಾಯಿ ಮುಚ್ಚಲು ಹೋದ. ಬೀಗ ಅವನ ಮಣಿಕಟ್ಟು ಹಿಡಿದ. ಹೋಟೆಲಿನಲ್ಲಿ ಜೇಬಿಗಾಗಿ ಹೇಗೋ ಹಾಗೇ ದೇವರ ಎದುರು ಇಬ್ಬರೂ ತಳ್ಳಾಡಿದರು. ಮೇಣದ ಬತ್ತಿಯೊಂದು ಆರಿತು. ಕಾಲಿರೋಯಿ ನಡುವೆ ಬಂದು ನಿಂತಳು.

"ಎಂಟು ತಿಂಗಳು ಕೊಡಲ್ಲ ಕೊಡಲ್ಲ ಅಂತ ನಮ್ಮ ನಿದ್ದೆ ಕೆಡಿಸಿದ್ರಿ. ಈಗ ತಗೋ ತಗೋ ಅಂತ ಮಗೂನ ಬರಿಮೈಲಿ ನಿಲ್ಸಿದೀರ. ಥ್ರಾಸಿವುಲೋಸ್, ಕೈ ಕೆಳಗಿಳ್ಸಿ."

ಆಗ ಮಗು ಪಾದ್ರಿಯ ಗಡ್ಡಕ್ಕೆ ಗುರಿಯಿಟ್ಟು ಉಚ್ಚೆ ಹೊಯ್ದಿತು. "ಯಾವುದಾದ್ರೂ ಒಂದು ಹೆಸರು ಹೇಳ್ರಪ್ಪ, ಜಾರ್ತಾ ಇದೆ," ಎಂದು ಪಾದ್ರಿ ಅಂಗಲಾಚಿದರು.

"ನನ್ನ ತರಗತೀಲಿ ಒಂದೇ ನಿಯಮ," ಎಂದಳು ಎವಾಂಥಿಯಾ. "ಮೊದಲು ಕೈ ಎತ್ತಿದವರ ಉತ್ತರ. ಇಸಿಡೋರೋಸ್."

ಮೂರು ಸಲ ಮುಳುಗಿಸಿ ಎತ್ತಿದರು. ಅಲ್ಲಿಗೆ ಮುಗಿಯಿತು.

ಆಮೇಲೆ ಬಂಡೆಯ ಮೇಲೆ ಬಟ್ಟೆ ಹಾಸಿ ಊಟವಾಯಿತು. ಬೆಂಕಿಯ ಮೇಲೆ ಮೀನು, ನಂಜಿಕೊಳ್ಳಲು ಯಾಕೊವೋಸ್ ಕ್ಷಮಾಪಣೆಯಾಗಿ ಕಳಿಸಿದ ಗಿಣ್ಣು, ಸಕ್ಕರೆ ಬಾದಾಮಿ. ಬಿಯರ್ ಮಾತ್ರ ಬೆಚ್ಚಗಿತ್ತು. ಮುಂದಿನ ವರ್ಷದ ಪ್ರವಾಸದಲ್ಲಿಯೂ ಮಗುವನ್ನು ಮುಳುಗಿಸುವುದು ಇರುತ್ತದೆಯೇ ಎಂದು ನಾರ್ವೆಯ ಹೆಂಡತಿ ನಿಕಿತಾಸನನ್ನು ಕೇಳಿದಳು. ಮಗು ಬಾಳಲಿ, ಹೆಸರು ಬಾಳಲಿ ಎಂದು ಎಲ್ಲರೂ ಇಸಿಡೋರೋಸನ ಕೈ ಕುಲುಕಿದರು. ಕ್ಯಾಪ್ಟನ್ ಎಲ್ಲರಿಗೂ ಬಡಿಸಿದ, ಎಲ್ಲರಿಗಿಂತ ಜೋರಾಗಿ ಮಾತಾಡಿದ. ಒಳಗೆ ಅವನಿಗೆ ನೋವಾಗಿತ್ತು. ಕೊಟ್ಟದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಆದರೂ ತುಂಬ ನೋವಾಗಿತ್ತು. ಎಂಟು ತಲೆಮಾರು ದಾಟಿಸಿಕೊಂಡು ಬಂದದ್ದನ್ನು ತನ್ನ ಕೈಯಾರೆ ನೀರಿಗೆ ಬಿಟ್ಟೆ, ಅಜ್ಜ ಇದ್ದಿದ್ದರೆ ಏನೆನ್ನುತ್ತಿದ್ದನೋ ಎಂದುಕೊಂಡು ಮೀನಿನ ತಲೆಯನ್ನು ಮೂರು ಸಲ ತಿರುಗಿಸಿ ಹಾಗೇ ಇಟ್ಟ. ಇಸಿಡೋರೋಸ್ ಕೂಡ ಏನೂ ತಿನ್ನಲಿಲ್ಲ. ಗೆದ್ದವನ ಕಳೆ ಅವನ ಮುಖದಲ್ಲಿರಲಿಲ್ಲ.

ಬಿಸಿಲು ಇಳಿಯುವ ಮೊದಲು ಎಲ್ಲರೂ 'ಕಾಲಿರೋಯಿ'ಯನ್ನೇ ಹತ್ತಿದರು. ಮೀನು ದೋಣಿಯನ್ನು ಹಿಂದೆ ಕಟ್ಟಿಕೊಂಡರು. ಕ್ಯಾಪ್ಟನ್ ಚುಕ್ಕಾಣಿ ಹಿಡಿದು ಹಿಂದೆ ನಿಂತ. ಇಸಿಡೋರೋಸ್ ಮಗುವನ್ನು ಎತ್ತಿಕೊಂಡು ಮುಂದಿನ ಮೂಲೆಯಲ್ಲಿ ಕೂತ. ಪಾದ್ರಿ ನಿಂಬೆಹಣ್ಣಿನ ಹಿಂದೆ ಕಣ್ಣು ಮುಚ್ಚಿದ್ದರು.

ಇದ್ದಕ್ಕಿದ್ದಂತೆ ಮುಂದಿನಿಂದ ಕೂಗು ಬಂತು.

"ಲೋ ವೂಲಿಸ್, ಬಿಡೋ ಅದನ್ನ, ಹಾಳಾದೋನೆ."

"ನಾನೇನು ಮಾಡಿದೆ?" ಎಂದ ಕ್ಯಾಪ್ಟನ್. "ನಾನು ಇಲ್ಲಿದೀನಿ. ಮತ್ತೆ ಇದೇನು ಬೀಗ್ರೆ, ಹೋಗೋ ಬಾರೋ ಅಂತ."

"ನಿಮಗಲ್ಲ ಹೇಳಿದ್ದು," ಎಂದ ಇಸಿಡೋರೋಸ್ ತಿರುಗದೆಯೇ. ಮಗು ಅವನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತ್ತು. "ಇವನಿಗೆ."

"ಅವನು ಇಸಿಡೋರೋಸ್ ಅಲ್ವಾ?"

"ಅದು ಪಾದ್ರಿಗಳ ಪುಸ್ತಕದಲ್ಲಿ. ಊರವರ ಬಾಯಿ ಮುಚ್ಚಿಸೋಕೆ ಅಷ್ಟು ಸಾಕು. ದಿನಾ ಬೈಯೋಕೆ ನನ್ನ ಹೆಸರಿಟ್ಕೊಂಡು ನನ್ನನ್ನೇ ಬೈಕೊಳ್ಳೋಕೆ ಹುಚ್ಚಾ ನನಗೆ? ಬೈಯೋಕೆ ನಿಮ್ಮ ಹೆಸರೇ ಚೆನ್ನಾಗಿದೆ. ಮನೇಲೂ ಇವನು ವೂಲಿಸೇ. ಮಗಳಿಗೆ ಹೇಳಿಯಾಯ್ತು."

ಕ್ರಿಸ್ತಾಲಿಯಾ ನಗುತ್ತ ತಲೆಯಾಡಿಸಿದಳು. ಕ್ಯಾಪ್ಟನ್ ಚುಕ್ಕಾಣಿಯ ಮೇಲೆ ಬಗ್ಗಿ, ಮೊದಲ ಸಲ ಪ್ರಯತ್ನಿಸಿದ.

"ಲೋ ವೂಲಿಸ್. ತಾತನ ಕನ್ನಡಕ ಕೊಡೋ, ಕಳ್ಳ ನನ್ಮ—"

ಮಗು ತಿರುಗಿ ನೋಡಿತು. ಬೈಗುಳ ಅರ್ಧಕ್ಕೇ ನಿಂತಿತು. ಅವನು ನಗತೊಡಗಿದ. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ದೋಣಿ ಎತ್ತ ಹೋಗುತ್ತಿದೆ ನೋಡಿ ಎಂದು ಹೆಂಡತಿ ಎರಡು ಸಲ ಕೂಗಿದರೂ ಅವನಿಗೆ ಕೇಳಿಸಲಿಲ್ಲ.